ಎಂಪಿ3 ಹಾಡನ್ನು ‘ಹೈ-ರೆಸ್’ ಮಾಡಬಹುದೇ? ಹಳೆಯ ಡಿಸ್ಕ್ ಎಸೆಯುವ ಮುನ್ನ ಇದನ್ನು ಓದಿ

“ನಿಮ್ಮ ಹಳೆಯ ಎಂಪಿ3 ಹಾಡುಗಳನ್ನು ಈ ಆ್ಯಪ್‌ಗೆ ಹಾಕಿ, 24 ಬಿಟ್, 192 ಕಿಲೋಹರ್ಟ್ಜ್‌ಗೆ ಬದಲಾಯಿಸಿ. ಸ್ಟುಡಿಯೋದಲ್ಲಿ ಕೂತು ಕೇಳಿದ ಹಾಗೆ ಇರುತ್ತದೆ. ಸಿ.ಡಿ.ಗಳನ್ನು ಇನ್ನು ಗುಜರಿಗೆ ಹಾಕಬಹುದು!” ಇಂಥ ಸಲಹೆಗಳು ನಿಮ್ಮ ಫೋನಿಗೂ ಬಂದಿರಬಹುದು. ಇದು ನಿಜವೇ?

ನಿಜವಲ್ಲ. ಒಮ್ಮೆ ಕಳೆದುಹೋದ ಸದ್ದನ್ನು ಫೈಲಿನ ಗಾತ್ರ ಹೆಚ್ಚಿಸಿ ಮರಳಿ ತರಲು ಆಗುವುದಿಲ್ಲ. ಸಲಹೆಯ ಕೊನೆಯ ಸಾಲಂತೂ ಅಪಾಯಕಾರಿ. ಏಕೆಂದರೆ ಆ ಡಿಸ್ಕೇ ನಿಮ್ಮ ಬಳಿ ಉಳಿದಿರುವ ಅಸಲು.

ನಮ್ಮ ಬಳಗದವರೊಬ್ಬರ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇವೆ. ಅವರ ಅಜ್ಜಿ ಹಸೆ ಹಾಡು, ಸೋಬಾನೆ ಪದಗಳನ್ನು ಚೆನ್ನಾಗಿ ಹಾಡುತ್ತಿದ್ದರು. ಮದುವೆಯೊಂದರಲ್ಲಿ ಅದನ್ನು ರೆಕಾರ್ಡ್ ಮಾಡಿಸಿ ಸಿ.ಡಿ.ಗೆ ಬರೆಸಿದ್ದರು. ಕೆಲವು ವರ್ಷಗಳ ನಂತರ ಫೋನಿನ ಮೆಮೊರಿ ಕಾರ್ಡಿನಲ್ಲಿ ಹಿಡಿಯಲೆಂದು ಎಲ್ಲವನ್ನೂ 128 ಕೆಬಿಪಿಎಸ್ ಎಂಪಿ3 ಮಾಡಿಕೊಂಡರು. ಕೆಲಸ ಮುಗಿಯಿತಲ್ಲ ಎಂದು ಡಿಸ್ಕನ್ನು ಹಕ್ಕಿ ಓಡಿಸಲು ಸಪೋಟ ಮರಕ್ಕೆ ಕಟ್ಟಿದರು. ಅಜ್ಜಿ ತೀರಿಹೋದ ಮೇಲೆ ಆ ಹಾಡುಗಳನ್ನು ಚೆನ್ನಾಗಿ ಕೇಳಬೇಕೆನಿಸಿ ಇಂಥದ್ದೇ ಒಂದು ಆ್ಯಪ್‌ ಬಳಸಿದರು. ನಾಲ್ಕು ನಿಮಿಷದ ಹಾಡು 4 ಎಂಬಿಯಿಂದ 270 ಎಂಬಿ ದಾಟಿತು. ಅಜ್ಜಿಯ ದನಿ ಮಾತ್ರ ಮೊದಲಿದ್ದಷ್ಟೇ ಮಂಕಾಗಿತ್ತು. ಮರದಿಂದ ಇಳಿಸಿದ ಡಿಸ್ಕನ್ನು ಯಾವ ಡ್ರೈವೂ ಓದಲಿಲ್ಲ.

ನಿಮ್ಮ ಮನೆಯಲ್ಲಿ ಹೀಗಾಗಬಾರದು ಎಂಬುದೇ ಈ ಲೇಖನದ ಉದ್ದೇಶ.

ಸದ್ದು ಅಂಕಿಯಾಗುವುದು ಹೇಗೆ?

ಸದ್ದು ಎಂದರೆ ಗಾಳಿಯ ಕಂಪನ. ಡಿಜಿಟಲ್ ರೆಕಾರ್ಡಿಂಗ್‌ನಲ್ಲಿ ಆ ಕಂಪನವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು, ಪ್ರತಿ ಅಳತೆಯನ್ನೂ ಒಂದು ಅಂಕಿಯಾಗಿ ಬರೆದಿಡುತ್ತಾರೆ. ಸೆಕೆಂಡಿಗೆ ಎಷ್ಟು ಸಲ ಅಳೆದರು ಎಂಬುದು ಸ್ಯಾಂಪಲ್ ದರ. ಪ್ರತಿ ಅಳತೆ ಎಷ್ಟು ಸೂಕ್ಷ್ಮ ಎಂಬುದು ಬಿಟ್‌ಗಳ ಲೆಕ್ಕ.

1982ರಲ್ಲಿ ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು ಮಾರುಕಟ್ಟೆಗೆ ತಂದ ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಸಲ, ತಲಾ 16 ಬಿಟ್‌ಗಳಲ್ಲಿ ಅಳೆಯಲಾಗುತ್ತದೆ. ಈ ಸಂಖ್ಯೆಯ ಹಿಂದೆ ಲೆಕ್ಕವಿದೆ. ಎಳೆಯ, ಆರೋಗ್ಯವಂತ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಜ್‌ವರೆಗೆ ಕೇಳಿಸುತ್ತದೆ. ವಯಸ್ಸಾದಂತೆ ಈ ಮಿತಿ ಇಳಿಯುತ್ತದೆ. ಒಂದು ಕಂಪನವನ್ನು ಸರಿಯಾಗಿ ಹಿಡಿಯಲು ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಸಾಕು ಎನ್ನುತ್ತದೆ ಗಣಿತ. ಹಾಗಾಗಿ 44,100 ಸಾಕಾಗುತ್ತದೆ. 16 ಬಿಟ್‌ನಲ್ಲಿ ಅತಿ ಮೆಲುದನಿಗೂ ಅತಿ ಜೋರು ದನಿಗೂ ನಡುವೆ ಸುಮಾರು 96 ಡೆಸಿಬೆಲ್ ಅಂತರ ಹಿಡಿಸುತ್ತದೆ. 24 ಬಿಟ್‌ನಲ್ಲಿ ಲೆಕ್ಕದ ಪ್ರಕಾರ ಅದು ಸುಮಾರು 144 ಡೆಸಿಬೆಲ್.

ಎಂಪಿ3 ಮತ್ತು ಫ್ಲ್ಯಾಕ್: ಹಾಸಿಗೆಯ ಉದಾಹರಣೆ

ಸಿ.ಡಿ.ಯ ಒಂದು ನಿಮಿಷದ ಹಾಡಿಗೆ 10 ಎಂಬಿಗೂ ಹೆಚ್ಚು ಜಾಗ ಬೇಕು. ಅದೇ 128 ಕೆಬಿಪಿಎಸ್ ಎಂಪಿ3 ಆದರೆ 1 ಎಂಬಿಯೊಳಗೆ ಮುಗಿಯುತ್ತದೆ. ಉಳಿದದ್ದು ಎಲ್ಲಿ ಹೋಯಿತು?

ಜೋರು ಸದ್ದಿನ ಪಕ್ಕದಲ್ಲಿರುವ ಮೆಲು ಸದ್ದು ನಮ್ಮ ಕಿವಿಗೆ ಬೀಳುವುದಿಲ್ಲ. ಮೃದಂಗದ ಏಟು ಬಿದ್ದ ಕ್ಷಣದಲ್ಲಿ ತಂಬೂರಿಯ ಎಷ್ಟೋ ಸೂಕ್ಷ್ಮಗಳು ಮರೆಯಾಗುತ್ತವೆ. ಹೀಗೆ ಕೇಳಿಸದೇ ಇರಬಹುದಾದದ್ದನ್ನು ಆರಿಸಿ ಎಂಪಿ3 ಬಿಟ್ಟುಬಿಡುತ್ತದೆ. ಇದು ಮೋಸವೇನಲ್ಲ, ಜಾಣತನದ ಕೆಲಸವೇ. ಆದರೆ ಬಿಟ್ಟದ್ದು ಬಿಟ್ಟದ್ದೇ.

ಫ್ಲ್ಯಾಕ್ ಹಾಗಲ್ಲ. 2001ರಲ್ಲಿ ಬಿಡುಗಡೆಯಾದ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಈ ಪದ್ಧತಿ ಹಾಡನ್ನು ಸಾಮಾನ್ಯವಾಗಿ ಅರ್ಧದಿಂದ ಮುಕ್ಕಾಲು ಭಾಗದಷ್ಟು ಗಾತ್ರಕ್ಕೆ ಇಳಿಸುತ್ತದೆ. ಆದರೂ ಬಿಚ್ಚಿದಾಗ ಒಂದು ಅಂಕಿಯೂ ಬದಲಾಗಿರುವುದಿಲ್ಲ. ಆ್ಯಪಲ್‌ನ ಆಲ್ಯಾಕ್ ಕೂಡ ಇದೇ ಜಾತಿಯದು.

ಪ್ರಯಾಣಕ್ಕೆ ಹೊರಟಾಗ ಹಾಸಿಗೆಯನ್ನು ಸುತ್ತಿ ಬಿಗಿಯಾಗಿ ಕಟ್ಟಿದಂತೆ ಫ್ಲ್ಯಾಕ್. ಬಿಚ್ಚಿದರೆ ಅದೇ ಹಾಸಿಗೆ. ಒಳಗಿನ ಹತ್ತಿಯನ್ನೇ ಕಿತ್ತು ತೆಳ್ಳಗೆ ಮಾಡಿದಂತೆ ಎಂಪಿ3. ಹತ್ತಿ ಕಿತ್ತ ಹಾಸಿಗೆಯನ್ನು ಎಷ್ಟು ದೊಡ್ಡ ಚೀಲಕ್ಕೆ ತುಂಬಿದರೂ ಹತ್ತಿ ವಾಪಸ್ ಬರುವುದಿಲ್ಲ. ಎಂಪಿ3 ಅನ್ನು 192 ಕಿಲೋಹರ್ಟ್ಜ್ ಫೈಲ್ ಮಾಡುವುದೆಂದರೆ ಇದೇ: ಚೀಲ ಮಾತ್ರ ದೊಡ್ಡದು.

ಅಸಲಿನಲ್ಲಿ ಇಲ್ಲದ್ದು ಎಲ್ಲಿಂದ ಬರಬೇಕು?

1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದನ್ನು ಗ್ರಾಮಫೋನ್ ಕಂಪನಿ ಧ್ವನಿಮುದ್ರಿಸಿತು. ಭಾರತದಲ್ಲಿ ನಡೆದ ಮೊಟ್ಟಮೊದಲ ವಾಣಿಜ್ಯ ಮುದ್ರಣಗಳಲ್ಲಿ ಅದೂ ಒಂದು. ಕೊನೆಗಾಲದಲ್ಲಿ ಅವರು ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಆ ಮೊದಲ ಮುದ್ರಣಗಳ ಕಾಲಕ್ಕೆ ಮೈಕ್ ಬಳಕೆ ಇರಲಿಲ್ಲ. ದೊಡ್ಡ ಕಹಳೆಯ ಬಾಯಿಗೆ ಮುಖವೊಡ್ಡಿ ಹಾಡಬೇಕಿತ್ತು. ಆ ವ್ಯವಸ್ಥೆ ಹಿಡಿಯುತ್ತಿದ್ದದ್ದು ಹೆಚ್ಚೆಂದರೆ ಕೆಲವೇ ಸಾವಿರ ಹರ್ಟ್ಜ್‌ವರೆಗಿನ ಸದ್ದು. ಆ ತಟ್ಟೆಯನ್ನು ಇಂದು 192 ಕಿಲೋಹರ್ಟ್ಜ್‌ನಲ್ಲಿ ನಕಲು ಮಾಡಿದರೆ ತಟ್ಟೆಯ ಗೀರು, ಸವೆತಗಳೂ ಸೂಕ್ಷ್ಮವಾಗಿ ದಾಖಲಾಗುತ್ತವೆ. ಸಂಗ್ರಹಾಲಯಗಳಿಗೆ ಅದು ಉಪಯೋಗವೇ. ಆದರೆ ಕಹಳೆಗೆ ಸಿಗದ ಸದ್ದು ಯಾವ ಕಂಪ್ಯೂಟರಿಗೂ ಸಿಗುವುದಿಲ್ಲ.

ಕೃತಕ ಬುದ್ಧಿಮತ್ತೆ ಬಳಸಿ ಹಳೆಯ ಹಾಡಿಗೆ ಹೊಳಪು ಕೊಡುವ ಸಾಫ್ಟ್‌ವೇರ್‌ಗಳು ಈಗ ಇವೆ. ಕಳೆದುಹೋದ ಭಾಗದಲ್ಲಿ ಏನಿದ್ದಿರಬಹುದು ಎಂದು ಅವು ಊಹಿಸಿ ತುಂಬುತ್ತವೆ. ಕೇಳಲು ಹಿತವಾಗಿರಬಹುದು, ಆದರೆ ಆ ಭಾಗ ಹಾಡಿದವರದ್ದಲ್ಲ.

ಹಾಗಾದರೆ ನಿಜವಾದ ಹೈ-ರೆಸ್ ಡಿಸ್ಕ್ ಯಾವುದು?

ಸಿ.ಡಿ.ಗಿಂತ ಹೆಚ್ಚಿನ ಅಳತೆಯಲ್ಲಿ ಸಂಗೀತ ತುಂಬಿದ ಡಿಸ್ಕ್‌ಗಳು ನಿಜಕ್ಕೂ ಇವೆ. ಮುಖ್ಯವಾದವು ಮೂರು.

ಸೂಪರ್ ಆಡಿಯೋ ಸಿ.ಡಿ.: 1999ರಲ್ಲಿ ಬಂತು. ಇದರಲ್ಲಿ ಡಿಎಸ್‌ಡಿ ಎಂಬ ಬೇರೆಯೇ ಪದ್ಧತಿ ಇದೆ. ಪ್ರತಿ ಅಳತೆಗೆ ಒಂದೇ ಬಿಟ್, ಆದರೆ ಸೆಕೆಂಡಿಗೆ 28,22,400 ಸಲ ಅಳತೆ. ಇದು ಸಿ.ಡಿ. ದರದ ಸರಿಯಾಗಿ 64 ಪಟ್ಟು.

ಡಿ.ವಿ.ಡಿ. ಆಡಿಯೋ: 2000ದ ಹೊತ್ತಿಗೆ ಬಂತು. 24 ಬಿಟ್, ಸ್ಟೀರಿಯೋ ಆದರೆ 192 ಕಿಲೋಹರ್ಟ್ಜ್‌ವರೆಗೆ, ಆರು ಚಾನೆಲ್ ಆದರೆ 96 ಕಿಲೋಹರ್ಟ್ಜ್‌ವರೆಗೆ.

ಬ್ಲೂ-ರೇ: ಸಿನಿಮಾಕ್ಕೆ ಹೆಸರಾದ ಈ ಡಿಸ್ಕಿನಲ್ಲಿ ಸಂಗೀತವನ್ನಷ್ಟೇ ಹಾಕಿ ಮಾರುವುದೂ ಉಂಟು. ಇದರಲ್ಲೂ 24 ಬಿಟ್, 192 ಕಿಲೋಹರ್ಟ್ಜ್‌ವರೆಗೆ ಹಿಡಿಯುತ್ತದೆ.

ಡಿಸ್ಕಿನಲ್ಲಿರುವ ಅಂಕಿಗಳನ್ನು ಓದಿ ಕಂಪ್ಯೂಟರಿನಲ್ಲಿ ಫೈಲ್ ಮಾಡಿಕೊಳ್ಳುವುದಕ್ಕೆ ‘ರಿಪ್’ ಮಾಡುವುದು ಎನ್ನುತ್ತಾರೆ. ಮಾಮೂಲಿ ಸಿ.ಡಿ.ಯಲ್ಲಿ ಇದು ಸುಲಭ. ಹೈ-ರೆಸ್ ಡಿಸ್ಕ್‌ಗಳಲ್ಲಿ ಮೋಸಹೋಗುವ ಸಂದರ್ಭಗಳಿವೆ.

ಮೊದಲನೆಯದು: ಎಷ್ಟೋ ಸೂಪರ್ ಆಡಿಯೋ ಸಿ.ಡಿ.ಗಳಲ್ಲಿ ಎರಡು ಪದರಗಳಿರುತ್ತವೆ. ಒಂದು ಹೈ-ರೆಸ್, ಇನ್ನೊಂದು ಹಳೆಯ ಪ್ಲೇಯರ್‌ಗಳಿಗೆಂದು ಇಟ್ಟ ಸಾಮಾನ್ಯ ಸಿ.ಡಿ. ಪದರ. ನಿಮ್ಮ ಕಂಪ್ಯೂಟರಿನ ಡ್ರೈವಿಗೆ ಕಾಣುವುದು ಎರಡನೆಯದು ಮಾತ್ರ. ರಿಪ್ ಸಲೀಸಾಗಿ ಮುಗಿದು, ಹೈ-ರೆಸ್ ಸಿಕ್ಕಿತು ಎಂದುಕೊಳ್ಳುತ್ತೀರಿ; ಸಿಕ್ಕಿರುವುದು 16 ಬಿಟ್, 44.1 ಕಿಲೋಹರ್ಟ್ಜ್. ಹೈ-ರೆಸ್ ಪದರವನ್ನು ಓದಬಲ್ಲ ಯಂತ್ರಗಳು ಹಳೆಯ ಮಾದರಿಯ ಕೆಲವು ಪ್ಲೇಸ್ಟೇಷನ್ 3, ಕೆಲವು ಬ್ಲೂ-ರೇ ಪ್ಲೇಯರ್‌ಗಳಂಥವು ಮಾತ್ರ.

ಎರಡನೆಯದು: ಡಿ.ವಿ.ಡಿ. ಆಡಿಯೋ ಡಿಸ್ಕಿನಲ್ಲಿ ಹೈ-ರೆಸ್ ಭಾಗಕ್ಕೊಂದು ಫೋಲ್ಡರ್, ಮಾಮೂಲಿ ಡಿ.ವಿ.ಡಿ. ಪ್ಲೇಯರ್‌ಗಳಿಗೆ ಇನ್ನೊಂದು ಫೋಲ್ಡರ್ ಇರುತ್ತದೆ. ಸಾಮಾನ್ಯ ಸಾಫ್ಟ್‌ವೇರ್ ಎರಡನೆಯದನ್ನು ಓದುತ್ತದೆ. ಅದರಲ್ಲಿ ಹೆಚ್ಚಾಗಿ ಇರುವುದು ಹತ್ತಿ ಕಿತ್ತ ಡಾಲ್ಬಿ ಸದ್ದು.

ಮೂರನೆಯದು: ಆರು ಚಾನೆಲ್‌ಗಳ ಸದ್ದನ್ನು ಸಾಫ್ಟ್‌ವೇರ್ ತಾನೇ ಕಲಸಿ ಎರಡು ಚಾನೆಲ್ ಮಾಡಿಕೊಟ್ಟರೆ ದನಿಗಳ ಹದ ಕೆಡಬಹುದು. ಡಿಸ್ಕಿನಲ್ಲೇ ಬೇರೆ ಸ್ಟೀರಿಯೋ ಭಾಗವಿದ್ದರೆ ಅದನ್ನೇ ಆರಿಸಿಕೊಳ್ಳಿ.

ಡಿಎಸ್‌ಡಿ ಫೈಲನ್ನು ಬದಲಾಯಿಸಬೇಕೇ?

ಸೂಪರ್ ಆಡಿಯೋ ಸಿ.ಡಿ.ಯಿಂದ ಬಂದ ಸದ್ದು ಡಿಎಸ್‌ಎಫ್ ಅಥವಾ ಡಿಎಫ್‌ಎಫ್ ಎಂಬ ರೂಪದಲ್ಲಿರುತ್ತದೆ. ಹಾಡಿನ ಹೆಸರು, ಗಾಯಕರ ಹೆಸರು ಬರೆದಿಡಲು ಡಿಎಸ್‌ಎಫ್ ಅನುಕೂಲ. ಮಾಮೂಲಿ ಪ್ಲೇಯರ್‌ಗಳಲ್ಲಿ ಕೇಳಬೇಕೆಂದರೆ ಫ್ಲ್ಯಾಕ್‌ಗೆ ಬದಲಾಯಿಸಬೇಕಾಗುತ್ತದೆ. 24 ಬಿಟ್, 88.2 ಕಿಲೋಹರ್ಟ್ಜ್ ಇದಕ್ಕೆ ಧಾರಾಳವಾಗಿ ಸಾಕು.

ಇಲ್ಲಿ ಎರಡು ವಿಷಯ ಗಮನಿಸಿ. ಡಿಎಸ್‌ಡಿ ಪದ್ಧತಿಯಲ್ಲಿ ಅಳತೆಯ ಗದ್ದಲವನ್ನೆಲ್ಲ ಕಿವಿಗೆ ಕೇಳದ ಎತ್ತರದ ಕಂಪನಗಳಿಗೆ ತಳ್ಳಿರುತ್ತಾರೆ. ಬದಲಾಯಿಸುವಾಗ ಅದನ್ನು ಸೋಸಿ ತೆಗೆಯುವುದು ಒಳ್ಳೆಯದು. ಇನ್ನೊಂದು, ಬದಲಾಯಿಸಿದ ಫೈಲ್ ಸ್ವಲ್ಪ ಮೆಲ್ಲಗೆ ಕೇಳಿಸುವುದು ಸಹಜ. 6 ಡೆಸಿಬೆಲ್ ಏರಿಸುವ ಆಯ್ಕೆಯನ್ನು ಕಣ್ಣುಮುಚ್ಚಿ ಒತ್ತಿದರೆ ಹಾಡಿನ ಜೋರು ಭಾಗಗಳು ಒಡೆದು ಕರ್ಕಶವಾಗಬಹುದು. ಡಿಎಸ್‌ಡಿಯಿಂದ ಫ್ಲ್ಯಾಕ್‌ಗೆ ಹೋದ ಮೇಲೆ ಅಂಕಿ ಅಂಕಿಯೂ ಹೊಂದುವಂತೆ ಹಿಂದೆ ಬರಲು ಆಗುವುದಿಲ್ಲ. ಹಾಗಾಗಿ ಮೂಲ ಡಿಎಸ್‌ಡಿ ಫೈಲನ್ನು ಅಳಿಸಬೇಡಿ.

ಕಿವಿಗೆ ವ್ಯತ್ಯಾಸ ತಿಳಿಯುತ್ತದೆಯೇ?

ಅಮೆರಿಕದ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ 2007ರಲ್ಲಿ ಮೇಯರ್ ಮತ್ತು ಮೊರಾನ್ ಎಂಬುವರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಹೈ-ರೆಸ್ ಡಿಸ್ಕಿನ ಸದ್ದನ್ನು ಒಮ್ಮೆ ಹಾಗೆಯೇ, ಇನ್ನೊಮ್ಮೆ ಸಿ.ಡಿ. ಮಟ್ಟಕ್ಕೆ ಇಳಿಸಿ ಕೇಳಿಸಿದರು. ಯಾವುದು ಯಾವುದೆಂದು ಕೇಳುಗರಿಗೆ ಹೇಳಿರಲಿಲ್ಲ. 554 ಸಲ ಕೇಳಿಸಿದ್ದರಲ್ಲಿ ಸರಿಯುತ್ತರ ಬಂದದ್ದು 276 ಸಲ. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು.

2016ರಲ್ಲಿ ಜೋಷುವಾ ರೀಸ್ ಎಂಬ ಸಂಶೋಧಕರು 18 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. 12,500ಕ್ಕೂ ಹೆಚ್ಚು ಪ್ರಯತ್ನಗಳಲ್ಲಿ ಶೇ. 52.3 ಸರಿಯಿದ್ದವು, ತರಬೇತಿ ಪಡೆದ ಕೇಳುಗರಲ್ಲಿ ಇದು ಇನ್ನಷ್ಟು ಹೆಚ್ಚಿತ್ತು. ಅಂದರೆ ವ್ಯತ್ಯಾಸ ಇಲ್ಲವೇ ಇಲ್ಲ ಎಂದು ಅಡ್ಡಗೋಡೆ ಹಾಕುವಂತಿಲ್ಲ. ಆದರೆ ಜಾಹೀರಾತು ಹೇಳುವಂತೆ ಆಕಾಶ ಭೂಮಿಯ ಅಂತರವೂ ಅಲ್ಲ.

ಮತ್ತೆ ಕೆಲವು ಹೈ-ರೆಸ್ ಡಿಸ್ಕ್‌ಗಳು ಚೆನ್ನಾಗಿ ಕೇಳಿಸುವುದೇಕೆ? ಅವನ್ನು ಸಿದ್ಧಪಡಿಸುವಾಗ ಧ್ವನಿ ಎಂಜಿನಿಯರ್‌ಗಳು ಹೆಚ್ಚು ಕಾಳಜಿ ವಹಿಸಿರುವುದು, ಎಲ್ಲವನ್ನೂ ಒಂದೇ ಸಮ ಜೋರು ಮಾಡದೆ ಮೆಲುದನಿಯನ್ನು ಮೆಲುದನಿಯಾಗಿಯೇ ಉಳಿಸಿರುವುದು ಕಾರಣ. ಮೇಯರ್ ಮತ್ತು ಮೊರಾನ್ ಕೂಡ ಇದನ್ನೇ ಗುರುತಿಸಿದ್ದರು.

ಮನೆಯ ಸಿ.ಡಿ.ಗಳನ್ನು ಸರಿಯಾಗಿ ರಿಪ್ ಮಾಡುವ ಬಗೆ

ನಮ್ಮ ಹೆಚ್ಚಿನ ಮನೆಗಳಲ್ಲಿರುವುದು ಮಾಮೂಲಿ ಸಿ.ಡಿ.ಗಳು. ಅವುಗಳ ವಿಷಯದಲ್ಲಿ ಮಾಡಬೇಕಾದದ್ದು ಇಷ್ಟು.

1. ಡಿಸ್ಕನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತಲೂ ಉಜ್ಜಬೇಡಿ. ಹೆಸರು ಬರೆದಿರುವ ಮೇಲ್ಭಾಗವನ್ನೂ ಜೋಪಾನ ಮಾಡಿ. ಹೊಳೆಯುವ ಪದರ ಇರುವುದು ಆ ಬದಿಯ ತೆಳು ಲೇಪನದ ಕೆಳಗೇ. ಅಲ್ಲಿ ಗೀರಿದರೆ ಹಾಡೇ ಹೋಯಿತು.

2. ಓದಿದ್ದನ್ನು ಪರೀಕ್ಷಿಸುವ ಸಾಫ್ಟ್‌ವೇರ್ ಬಳಸಿ. ವಿಂಡೋಸ್‌ಗೆ ಎಕ್ಸಾಕ್ಟ್ ಆಡಿಯೋ ಕಾಪಿ, ಮ್ಯಾಕ್‌ಗೆ ಎಕ್ಸ್‌ಎಲ್‌ಡಿ, ಲಿನಕ್ಸ್‌ಗೆ ವಿಪ್ಪರ್ ಇವೆ. ಸಾಮಾನ್ಯ ಪ್ಲೇಯರ್ ಗೀರು ಬಿದ್ದ ಕಡೆ ಅಂದಾಜಿನಲ್ಲಿ ಅಂಕಿ ತುಂಬಿ ಮುಂದೆ ಹೋಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಇವು ಅಲ್ಲೇ ನಿಂತು ಮತ್ತೆ ಮತ್ತೆ ಓದುತ್ತವೆ, ಓದಲಾಗದಿದ್ದರೆ ವರದಿಯಲ್ಲಿ ತಿಳಿಸುತ್ತವೆ.

3. ಅಂಗಡಿಯಲ್ಲಿ ಕೊಂಡ ಡಿಸ್ಕ್ ಆದರೆ ಅಕ್ಯುರೇಟ್‌ರಿಪ್ ಎಂಬ ಸೌಲಭ್ಯದಿಂದ ತಾಳೆ ನೋಡಬಹುದು. ಅದೇ ಡಿಸ್ಕನ್ನು ರಿಪ್ ಮಾಡಿದ ಇತರರ ಫಲಿತಾಂಶದ ಜೊತೆ ನಿಮ್ಮದು ಹೊಂದಿದರೆ ರಿಪ್ ಸರಿಯಾಗಿದೆ ಎಂದರ್ಥ.

4. ಮನೆಯ ಮದುವೆ, ಭಜನೆ, ಅಜ್ಜಿಯ ಹಾಡು ಬರೆಸಿದ ಡಿಸ್ಕ್‌ಗೆ ಆ ಸೌಲಭ್ಯವಿಲ್ಲ, ಅದು ಪ್ರಪಂಚದಲ್ಲಿ ಒಂದೇ ಒಂದು. ಅದನ್ನು ಎರಡು ಸಲ, ಸಾಧ್ಯವಾದರೆ ಎರಡು ಬೇರೆ ಡ್ರೈವ್‌ಗಳಲ್ಲಿ ರಿಪ್ ಮಾಡಿ ಹೋಲಿಸಿ. ಬರೆಯುವ ಸಿ.ಡಿ.ಯಲ್ಲಿರುವುದು ಬಣ್ಣದ ಪದರ; ಬಿಸಿಲು, ಶಾಖ, ತೇವಕ್ಕೆ ಅದು ಕೆಡುತ್ತದೆ. ಆದ್ದರಿಂದ ಸಿನಿಮಾ ಹಾಡಿನ ಡಿಸ್ಕ್‌ಗಳಿಗಿಂತ ಮೊದಲು ಇವುಗಳ ಕೆಲಸ ಮುಗಿಸಿ.

5. ಫ್ಲ್ಯಾಕ್ ರೂಪದಲ್ಲಿ ಉಳಿಸಿ. ಸಿ.ಡಿ.ಯ ಹಾಡಿಗೆ 16 ಬಿಟ್, 44.1 ಕಿಲೋಹರ್ಟ್ಜ್ ಇದ್ದಂತೆಯೇ ಇರಲಿ, ಏರಿಸಬೇಡಿ. ಫೋನಿಗೆ ಚಿಕ್ಕದು ಬೇಕೆಂದರೆ ಫ್ಲ್ಯಾಕ್‌ನಿಂದ ಒಂದು ಎಂಪಿ3 ನಕಲು ಮಾಡಿಕೊಳ್ಳಿ, ಫ್ಲ್ಯಾಕ್ ಅಳಿಸಬೇಡಿ.

6. ಎರಡು ಬೇರೆ ಹಾರ್ಡ್ ಡಿಸ್ಕ್‌ಗಳಲ್ಲಿ ಇಡಿ, ಒಂದು ಬೇರೆ ಮನೆಯಲ್ಲಿರಲಿ. ಪೆನ್ ಡ್ರೈವ್ ಒಂದನ್ನೇ ನಂಬಬೇಡಿ. ಇಷ್ಟಾದ ಮೇಲೂ ಅಸಲು ಡಿಸ್ಕನ್ನು ಡಬ್ಬಿಯಲ್ಲಿ ಹಾಕಿ ಕತ್ತಲು, ತಂಪು, ಒಣ ಜಾಗದಲ್ಲಿಡಿ.

ನಕಲಿ ಹೈ-ರೆಸ್ ಗುರುತಿಸುವುದು ಹೇಗೆ?

ಅಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಫೈಲ್ ತೆರೆದು ಸ್ಪೆಕ್ಟ್ರೋಗ್ರಾಂ ನೋಟ ಆರಿಸಿ. ಯಾವ ಕಂಪನ ಎಷ್ಟಿದೆ ಎಂಬುದು ಬಣ್ಣಗಳಲ್ಲಿ ಕಾಣುತ್ತದೆ. 192 ಕಿಲೋಹರ್ಟ್ಜ್ ಎಂದು ಹೆಸರಿದ್ದೂ ಬಣ್ಣಗಳು ಸುಮಾರು 16 ಕಿಲೋಹರ್ಟ್ಜ್‌ನಲ್ಲಿ ಕತ್ತರಿಸಿದಂತೆ ನಿಂತಿದ್ದರೆ ಮೂಲ ಎಂಪಿ3 ಆಗಿರುವ ಸಾಧ್ಯತೆ ಹೆಚ್ಚು. 22 ಕಿಲೋಹರ್ಟ್ಜ್ ಬಳಿ ಗೋಡೆ ಕಂಡರೆ ಮೂಲ ಸಿ.ಡಿ. ಇರಬೇಕು. ಆದರೆ ಹಳೆಯ ರೆಕಾರ್ಡಿಂಗ್‌ಗಳಲ್ಲಿ ಮೇಲಿನ ಕಂಪನಗಳು ಸಹಜವಾಗಿಯೇ ಇರುವುದಿಲ್ಲ, ಅದಷ್ಟರಿಂದಲೇ ನಕಲಿ ಎನ್ನಬೇಡಿ. ಡಿಎಸ್‌ಡಿಯಿಂದ ಬಂದ ಫೈಲಿನಲ್ಲಿ ಮೇಲ್ಗಡೆ ಕಾಣುವ ಮೋಡದಂಥ ಬಣ್ಣ ಸಂಗೀತವಲ್ಲ, ಮೊದಲು ಹೇಳಿದ ಗದ್ದಲ.

ಫೋನಿನಲ್ಲಿ ಕೇಳುವಾಗ, ಹಂಚುವಾಗ

ಬ್ಲೂಟೂತ್ ಇಯರ್‌ಫೋನ್‌ಗಳಲ್ಲಿ ಹಾಡು ಸಾಮಾನ್ಯವಾಗಿ ಮತ್ತೊಮ್ಮೆ ಹತ್ತಿ ಕಿತ್ತುಕೊಂಡೇ ಕಿವಿ ತಲುಪುತ್ತದೆ. ಹೈ-ರೆಸ್ ಫೈಲ್ ಹಾಕಿದರೂ ಅಷ್ಟೇ. ನಿಮ್ಮ ಕುಟುಂಬದ ರೆಕಾರ್ಡಿಂಗ್‌ ಅನ್ನು ವಾಟ್ಸಾಪ್‌ನಲ್ಲಿ ಅಕ್ಕನಿಗೋ ಮಾವನಿಗೋ ಕಳಿಸುವಾಗ ಅದನ್ನು ಸ್ಪೀಕರಿನಲ್ಲಿ ಹಾಕಿ ವಾಯ್ಸ್ ಮೆಸೇಜ್ ಮಾಡಬೇಡಿ. ಫೈಲನ್ನೇ ಡಾಕ್ಯುಮೆಂಟ್ ಆಗಿ ಕಳಿಸಿ, ಇದ್ದದ್ದು ಇದ್ದಂತೆ ಹೋಗುತ್ತದೆ.

ಕಾನೂನಿನ ಮಾತೂ ಒಂದಿಷ್ಟು ತಿಳಿದಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಖಾಸಗಿ, ವೈಯಕ್ತಿಕ ಬಳಕೆಗೆ ನ್ಯಾಯಯುತ ಮಿತಿಯಲ್ಲಿ ಅವಕಾಶ ಕೊಡುತ್ತದೆ. ಕೊಂಡ ಡಿಸ್ಕಿನ ಹಾಡನ್ನು ಗುಂಪುಗಳಲ್ಲಿ ಹಂಚಲು ಈ ಅವಕಾಶ ಇಲ್ಲ. ಹೈ-ರೆಸ್ ಡಿಸ್ಕ್‌ಗಳಿಗೆ ನಕಲು ತಡೆಯುವ ಬೀಗಗಳಿರುತ್ತವೆ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಅಂಥ ಬೀಗ ಮುರಿದರೆ, 2012ರಲ್ಲಿ ಸೇರಿಸಿದ 65ಎ ಕಲಂ ಪ್ರಕಾರ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು.

ತೀರ್ಮಾನ

ಎಂಪಿ3 ಅನ್ನು ಹೈ-ರೆಸ್ ಮಾಡುವ ಆ್ಯಪ್ ಫೈಲನ್ನು ಉಬ್ಬಿಸುತ್ತದೆ, ಸದ್ದನ್ನಲ್ಲ. ಅಸಲಿನಲ್ಲಿ ಇದ್ದದ್ದನ್ನು ಪೂರ್ತಿಯಾಗಿ ಉಳಿಸಿಕೊಳ್ಳುವುದಷ್ಟೇ ನಮ್ಮ ಕೈಯಲ್ಲಿದೆ. ಅದಕ್ಕೆ ಫ್ಲ್ಯಾಕ್ ಸಾಕು, ತಾಳ್ಮೆಯ ಒಂದು ಭಾನುವಾರ ಸಾಕು. ಅಟ್ಟದ ಮೇಲೆ, ಬೀರುವಿನ ಕೆಳಗೆ, ತೋಟದ ಮರದ ಮೇಲೆ ಮನೆಯವರ ದನಿಯಿರುವ ಡಿಸ್ಕ್ ಇದೆಯೇ ನೋಡಿ. ಇದ್ದರೆ ಮೊದಲು ಅದನ್ನು ಕೆಳಗಿಳಿಸಿ. ಮುಂದಿನ ಸಲ ಆ ಸಲಹೆ ನಿಮ್ಮ ಗುಂಪಿಗೆ ಬಂದಾಗ ಅದರ ಬದಲು ಇದನ್ನು ಫಾರ್ವರ್ಡ್ ಮಾಡಿ.